ಗಾಜಿನಾಚೆಯ ಮುಖ

ಜನರ ಕಿವಿ ಮುಟ್ಟಿಯೇ ಅವಳು ಇಷ್ಟು ವರ್ಷ ಹೊಟ್ಟೆ ಹೊರೆದದ್ದು. ಮೊದಲು ಕನ್ನಡಕದ ಅಂಗಡಿಯಲ್ಲಿ. ಕಡ್ಡಿ ಕಿವಿಯ ಹಿಂದೆ ಒತ್ತುತ್ತದೆಯೇ, ಮೂಗಿನಿಂದ ಜಾರುತ್ತದೆಯೇ ಎಂದು ನೋಡಿ ಬಗ್ಗಿಸಿ ಕೊಡುವ ಕೆಲಸ. ಆ ಅಂಗಡಿ ಬಾಗಿಲು ಹಾಕಿದ ಮೇಲೆ ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿದ್ದ ಒಂದು ಪ್ರಯೋಗಶಾಲೆಗೆ ಸೇರಿದಳು. ಬಂದವರ ತಲೆಗೆ ಹೆಡ್‌ಫೋನ್ ಹಾಕುವುದು ಅಲ್ಲಿ ಅವಳ ಕೆಲಸ. ಹಾಗೆಂದರೆ ಜನ ನಗುತ್ತಿದ್ದರು. "ಒಟ್ಟಿನಲ್ಲಿ ಊರವರಿಗೆಲ್ಲ ಟೋಪಿ ಹಾಕೋ ಕೆಲಸ ಅನ್ನು" ಎಂದು ಚಿಕ್ಕಪ್ಪ ಛೇಡಿಸುತ್ತಿದ್ದ.

ಅದು ಹಾಡು ಕೇಳುವ ಹೆಡ್‌ಫೋನ್ ಅಲ್ಲ. ಬಟ್ಟಲಿನಂಥ ಎರಡು ಕಪ್ಪು ಮೆತ್ತೆ. ಬಲಕ್ಕೆ ಕೆಂಪು ಪಟ್ಟಿ, ಎಡಕ್ಕೆ ನೀಲಿ. ಹಾಕುವ ಮುಂಚೆ ಕನ್ನಡಕ ತೆಗೆಸಬೇಕು, ಓಲೆ ಬಿಚ್ಚಿಸಬೇಕು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಬೇಕು. ಮೆತ್ತೆಯ ನಡುಮಧ್ಯ ಕಿವಿಯ ತೂತಿಗೆ ಸರಿಯಾಗಿ ಕೂರಬೇಕು. ಎಲ್ಲೋ ಒಂದು ಕಡೆ ಸಂದಿ ಉಳಿದರೂ ಸದ್ದು ಸೋರಿಹೋಗುತ್ತದೆ. ಕೋಣೆಯಲ್ಲಿ ಸ್ಪೀಕರ್ ಇಟ್ಟರೆ ಒಂದು ಕಿವಿಗೆಂದು ಬಿಟ್ಟದ್ದು ಇನ್ನೊಂದಕ್ಕೂ ನುಗ್ಗುತ್ತದೆ, ಗೋಡೆಗೆ ಬಡಿದು ವಾಪಸು ಬರುತ್ತದೆ. ಹೆಡ್‌ಫೋನಿನಲ್ಲಾದರೆ ಯಾವ ಕಿವಿಗೆ ಎಷ್ಟು ಬೇಕೋ ಅಷ್ಟು. ಬಲಗಿವಿಯಲ್ಲಿ ಒಬ್ಬ ಹೆಂಗಸು ಒಂದು ಕತೆ ಓದುತ್ತಾಳೆ, ಎಡಗಿವಿಯಲ್ಲಿ ಒಬ್ಬ ಗಂಡಸು ಬೇರೊಂದು ಕತೆ. ಹೆಂಗಸಿನ ಮಾತನ್ನಷ್ಟೇ ಹಿಡಿದು ತಿರುಗಿ ಹೇಳಬೇಕು, ಗಂಡಸನ್ನು ಬಿಟ್ಟುಬಿಡಬೇಕು. ವಯಸ್ಸಾದವರ ಮನಸ್ಸು ಗದ್ದಲದ ನಡುವೆ ಒಂದೇ ದನಿಯನ್ನು ಎಲ್ಲಿಯತನಕ ಹಿಂಬಾಲಿಸೀತು ಎಂದು ನೋಡುವ ಪ್ರಯೋಗ ಅದು. ಪ್ರಯೋಗ ಪ್ರೊಫೆಸರರದು; ಎಲ್ಲರೂ ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದರು. ಇವಳನ್ನು ಬಂದವರೆಲ್ಲ ಕಿವಿ ಮೇಡಂ ಎನ್ನುತ್ತಿದ್ದರು.

ಆ ಎರಡು ಕತೆಗಳಿಗೂ ಮುಂಚೆ ಒಂದು ಜರಡಿ ಇತ್ತು. ಕಿವಿಯೇ ಮಂದವಾದವರ ಮನಸ್ಸನ್ನು ಅಳೆದು ಏನು ಉಪಯೋಗ? ಅದಕ್ಕೆ ಮೊದಲು ಕಿವಿಯನ್ನು ನೋಡಬೇಕು. ಗೋಡೆಗೆಲ್ಲ ಸ್ಪಂಜು ಬಡಿದ, ಶೀತಲಗೃಹದಂಥ ದಪ್ಪ ಬಾಗಿಲಿನ ಪುಟ್ಟ ಕೋಣೆ. ಅದಕ್ಕೆ ಎರಡು ಪದರದ ಗಾಜಿನ ಕಿಟಕಿ. ಕಿಟಕಿಯ ಈಚೆ ಅವಳ ಮೇಜು. ಒಳಗೆ ಕೂತವರ ಕೈಯಲ್ಲಿ ಒಂದು ಗುಂಡಿ. ಹೆಡ್‌ಫೋನಿನಲ್ಲಿ ಕುಂಯ್ ಎಂದಾಗಲೆಲ್ಲ ಒತ್ತಬೇಕು. ಒತ್ತಿದರೆ ಇವಳ ಮೇಜಿನ ಮೇಲೆ ಹಸಿರು ದೀಪ ಹತ್ತುತ್ತದೆ. ಇವಳು ತನ್ನ ಮೇಜಿನಿಂದ ಒಂದೊಂದೇ ಸದ್ದು ಬಿಡುತ್ತಾ, ಅದನ್ನು ಸಣ್ಣ ಮಾಡುತ್ತಾ ಹೋಗುತ್ತಾಳೆ. ದೀಪ ಬೇಗ ನಿಂತುಹೋದವರನ್ನು "ಬಂದದ್ದಕ್ಕೆ ಧನ್ಯವಾದ" ಎಂದು ಬಾಗಿಲವರೆಗೆ ಬಿಟ್ಟು ಬರಬೇಕು.

ಆ ಬಿಟ್ಟು ಬರುವುದೇ ಅವಳಿಗೆ ಆಗುತ್ತಿರಲಿಲ್ಲ. ಬರುತ್ತಿದ್ದವರೆಲ್ಲ ಕೆಲಸದಿಂದ ಇಳಿದವರು, ಮನೆಯಲ್ಲಿ ಸುಮ್ಮನೆ ಕೂರಿಸಿದವರು. ವಿಜ್ಞಾನಕ್ಕೆ ನಾವು ಬೇಕಾಗಿದ್ದೇವೆ ಎಂದು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತಿದ್ದರು. ಒಬ್ಬ ಮುದುಕ ಹೆಡ್‌ಫೋನ್ ಬಿಚ್ಚಿ ಕೊಡುತ್ತಾ, "ಹಾಗಾದ್ರೆ ನಾನು ಇದಕ್ಕೂ ಬೇಡ್ವಾ?" ಎಂದು ಕೇಳಿದ್ದ. ಆ ದಿನ ಅವಳಿಗೆ ಊಟ ಸೇರಲಿಲ್ಲ.

ಮೇಜು ತಿರುಗಿಸಿದ್ದು ಅದಾದ ಮೇಲೆ. ಮೊದಲು ಅದು ಕಿಟಕಿಗೆ ಪಕ್ಕ ಮಾಡಿಕೊಂಡಿತ್ತು. ನಡೆಸುವವರ ಮುಖ, ಕೈ ಒಳಗಿದ್ದವರಿಗೆ ಕಾಣಬಾರದು ಎಂಬುದು ನಿಯಮ, ಗೋಡೆಯ ಮೇಲೆ ಅಂಟಿಸಿಯೂ ಇತ್ತು. ಆದರೆ ಆ ದಪ್ಪ ಬಾಗಿಲು ಮುಚ್ಚಿದ ಕೂಡಲೇ ಒಬ್ಬ ಅಜ್ಜಿ ಹೆದರಿ ಅತ್ತುಬಿಟ್ಟಳು. ಇವಳು ಮೇಜನ್ನು ಎಳೆದು ಕಿಟಕಿಗೆ ಎದುರಾಗಿ ಹಾಕಿಕೊಂಡು, ಬಾಗಿಲು ತೆರೆದು, "ನಾನು ಇಲ್ಲೇ ಇದ್ದೀನಿ ಅಜ್ಜಿ, ನನ್ನನ್ನೇ ನೋಡ್ತಿರಿ" ಎಂದಳು. ಅಜ್ಜಿ ಸಮಾಧಾನವಾಗಿ ಕೂತಳು. ಮೇಜು ಹಾಗೆಯೇ ಉಳಿಯಿತು. ದೊಡ್ಡ ಮೇಡಂ ನೋಡಿದರು, ಏನೂ ಅನ್ನಲಿಲ್ಲ.

ಆಮೇಲೆ ಅವಳ ಪಾಳಿಯಲ್ಲಿ ವಾಪಸು ಹೋಗುವವರು ಕಡಿಮೆಯಾಗುತ್ತಾ ಬಂದರು. ಅಲ್ಲಿ ಇನ್ನೊಬ್ಬ ಸಹಾಯಕನಿದ್ದ, ಗಡ್ಡದವನು. ಅವನು ಬೇರೆ ಮೂಲೆಯ ಕೋಣೆಯಲ್ಲಿ ಕೂತು, ಕಂಪ್ಯೂಟರ್ ಪರದೆಯಿಂದ ತಲೆ ಎತ್ತದೆ ಕೆಲಸ ಮುಗಿಸುವವನು. ಒಳಗಿದ್ದವರು ಹೆಂಗಸೋ ಗಂಡಸೋ ಎಂದು ಕೇಳಿದರೂ ಅವನು ಯೋಚಿಸಿ ಹೇಳಬೇಕು. ಅವನ ಕೋಣೆಯಿಂದ ಜನ ಒಬ್ಬರ ಹಿಂದೆ ಒಬ್ಬರು ಮುಖ ಇಳಿಬಿಟ್ಟುಕೊಂಡು ಹೋಗುತ್ತಿದ್ದರು. "ನಿಮ್ಮ ಹತ್ರ ಬಂದ್ರೆ ಕಲ್ಲಿಗೂ ಕಿವಿ ಬರುತ್ತೆ ಅಕ್ಕ" ಎಂದು ಅವನೇ ಹೇಳುತ್ತಿದ್ದ. ದರ್ಜಿ ಕೆಲಸ ಮಾಡಿ ಬಿಟ್ಟಿದ್ದ ಒಬ್ಬ ಮುದುಕಿಯಂತೂ ಇವಳ ಕೈ ಹಿಡಿದುಕೊಂಡು, "ನಿನ್ನ ಮುಖ ನೋಡ್ತಾ ಕೂತ್ರೆ ಸಾಕು ಕಣಮ್ಮ, ತಾನಾಗೇ ಕೇಳಿಸುತ್ತೆ" ಎಂದಿದ್ದಳು. ಇವಳು ಅದನ್ನು ಹೂವಿನಂತೆ ಮುಡಿದುಕೊಂಡಳು.

ಒಳ್ಳೆಯವಳು ಅನ್ನಿಸಿಕೊಳ್ಳುವ ಚಟ ಕುಡಿತದ ಚಟಕ್ಕಿಂತ ಕೆಟ್ಟದ್ದು. ಕುಡಿದವನ ಬಾಯಿ ನಾರುತ್ತದೆ. ಹೆಂಡತಿ ಮಕ್ಕಳಾದರೂ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಾರೆ. ಇದಕ್ಕೆ ವಾಸನೆಯೇ ಇಲ್ಲ. ಊರಿಗೆ ಊರೇ ಹತ್ತಿರ ಬರುತ್ತದೆ.

ಇನ್ನೊಂದು ನಿಯಮವೂ ಇತ್ತು: ಇದು ಆಸ್ಪತ್ರೆಯಲ್ಲ, ಯಾರಿಗೂ ಅವರ ಕಿವಿ ಹೇಗಿದೆ ಎಂದು ಹೇಳಬಾರದು. ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅವರು ಕೇಳುವರು, "ಹೇಗಿದೆ ತಾಯಿ ನನ್ನ ಕಿವಿ?" ಅಷ್ಟು ಆಸೆಯಿಂದ ಕೇಳಿದವರಿಗೆ ಬಾಯಿ ಹೊಲಿದುಕೊಂಡು ನಿಲ್ಲುವುದು ಹೇಗೆ? "ಚೆನ್ನಾಗೇ ಇದೆ, ಯೋಚನೆ ಮಾಡ್ಬೇಡಿ" ಎನ್ನುತ್ತಿದ್ದಳು. ಅವರ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು.

ಅವಳನ್ನು ಸಾಕಿದವರು ಚಿಕ್ಕಪ್ಪ, ಚಿಕ್ಕಮ್ಮ. ಹೆತ್ತವರು ಬೇಗ ಹೋದರು, ಇವರಿಗೆ ಮಕ್ಕಳಿರಲಿಲ್ಲ. ಚಿಕ್ಕಪ್ಪ ಸರಕಿನ ಗೋದಾಮಿನ ಅಂಗಳದಲ್ಲಿ ಹಿಮ್ಮುಖವಾಗಿ ಬರುವ ಲಾರಿಗಳಿಗೆ ದಾರಿ ತೋರಿಸುವವನು. ಲಾರಿಯ ಹಿಂದೆ ಓರೆಯಾಗಿ ನಿಂತು, ಡ್ರೈವರನ ಪಕ್ಕದ ಕನ್ನಡಿಯಲ್ಲಿ ಅವನ ಮುಖ ತನಗೂ ತನ್ನ ಮುಖ ಅವನಿಗೂ ಕಾಣುವಂತೆ ನೋಡಿಕೊಂಡು, ಕೈ ಬೀಸುತ್ತಾ "ಬರ್ಲಿ, ಬರ್ಲಿ, ಬರ್ಲಿ, ಸಾಕು" ಎನ್ನುವುದು. ಡ್ರೈವರುಗಳು ಅವನಿಗೆ ಬರ್ಲಿ ಎಂದೇ ಹೆಸರಿಟ್ಟಿದ್ದರು. ಎಂಜಿನ್ನುಗಳ ಅಬ್ಬರಕ್ಕೆ ಕಿವಿ ಒಡ್ಡಿ ಅರ್ಧ ಆಯುಷ್ಯ ಕಳೆದಿದ್ದ.

ಕಿವಿ ಮಂದವಾಗಿದೆ ಎಂದು ಮೊದಲು ಹಿಡಿದದ್ದು ಚಿಕ್ಕಮ್ಮ. "ಈ ಮನೇಲಿ ನಾನು ಗೋಡೆ ಜೊತೆ ಮಾತಾಡ್ತೀನಿ. ಗೋಡೆನಾದ್ರೂ ಒಂಚೂರು ಪ್ರತಿಧ್ವನಿ ಕೊಡುತ್ತೆ" ಎನ್ನುವಳು. "ಟಿವಿಯಲ್ಲಿ ವಾರ್ತೆ ಓದೋಳು ನಮ್ಮನೆಗೆ ಬಂದಾಗ ಮಾತ್ರ ಯಾಕೆ ಕಿರುಚುತ್ತಾಳೋ. ಕೆಳಗಿನ ಮನೆಯವರು ಛಾವಣಿಗೆ ಕೋಲಲ್ಲಿ ಕುಟ್ಟುತ್ತಾರೆ. ಡಾಕ್ಟರ ಹತ್ರ ನಡೀರಿ ಅಂದ್ರೆ ನಡೆಯಲ್ಲ."

"ಕಿವಿಗೆ ಮಿಷನ್ನು ಸಿಕ್ಕಿಸ್ಕೊಂಡು ಹೋದ್ರೆ ಅಂಗಳದಲ್ಲಿ ನನ್ನ ಯಾರು ನಿಲ್ಲಿಸ್ಕೊಳ್ತಾರೆ?" ಎಂದು ಚಿಕ್ಕಪ್ಪ. "ಮಾರನೇ ದಿನವೇ ಮನೇಲಿ ಕೂರು ಅಂತಾರೆ. ಆಮೇಲೆ ದಿನವಿಡೀ ನಿನ್ನ ಮಾತು ಕೇಳ್ಬೇಕು. ಅದಕ್ಕಿಂತ ಕಿವುಡೇ ವಾಸಿ."

ಈ ಜಗಳ ಬಗೆಹರಿಸಲು ಇವಳೇ ಹೇಳಿದ್ದು, "ಚಿಕ್ಕಪ್ಪಾ, ನಮ್ಮಲ್ಲಿಗೆ ಬಾ. ವಯಸ್ಸಾದವರು ಬೇಕಾಗಿದ್ದಾರೆ."

"ವಯಸ್ಸಾದವರು ಬೇಕಾಗಿರೋ ಜಾಗ ಭೂಮಿ ಮೇಲೆ ಇದೆಯಾ?" ಎಂದ. "ನಡಿ, ಅದನ್ನಾದ್ರೂ ನೋಡೋಣ."

ಬಂದ. ಅವಳು ಅವನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ದೂರದ್ದು ಅವನಿಗೆ ಅದಿಲ್ಲದೆಯೂ ಚೆನ್ನಾಗಿ ಕಾಣುತ್ತಿತ್ತು. ಹೆಡ್‌ಫೋನಿನ ಪಟ್ಟಿ ಎಳೆದು, ಮೆತ್ತೆಗಳನ್ನು ಅವನ ದೊಡ್ಡ ಕಿವಿಗಳ ಮೇಲೆ ಇಳಿಸಿ, ಸಂದಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ, ಬಾಗಿಲು ಮುಚ್ಚಿದಳು. ಗಾಜಿನಾಚೆ ಚಿಕ್ಕಪ್ಪ ಶಾಲೆಯ ಮೊದಲ ದಿನದ ಹುಡುಗನಂತೆ ಕೂತು ಅವಳನ್ನೇ ನೋಡಿ ನಗುತ್ತಿದ್ದ. ಅವಳೂ ನಕ್ಕಳು. ಹಸಿರು ದೀಪ ಹತ್ತಿತು, ಆರಿತು, ಹತ್ತಿತು. ಸದ್ದು ಎಷ್ಟು ಸಣ್ಣದಾದರೂ ಹತ್ತಿತು. ಯಾವಾಗಲೋ ಒಮ್ಮೊಮ್ಮೆ ತಪ್ಪಿತು, ಅಷ್ಟೇ. ಆದರೆ ಆಮೇಲಿನ ಎರಡು ಕತೆಗಳಲ್ಲಿ ಅವನು ಪೂರ್ತಿ ಮುಗ್ಗರಿಸಿದ. ಹೆಂಗಸಿನ ಮಾತು ಹೇಳು ಎಂದರೆ ಅರ್ಧ ಗಂಡಸಿನದು, ಉಳಿದರ್ಧ ಇಬ್ಬರದೂ ಅಲ್ಲದ್ದು. ಅಷ್ಟು ಸಣ್ಣ ಸದ್ದು ಕೇಳಿಸಿದವನಿಗೆ ಇಷ್ಟು ದೊಡ್ಡ ಮಾತು ಏಕೆ ಸಿಗಲಿಲ್ಲ ಎಂಬ ಪ್ರಶ್ನೆ ಅವಳ ಮನಸ್ಸಿನ ಹೊಸ್ತಿಲವರೆಗೆ ಬಂತು. ದಣಿದಿದ್ದಾನೆ, ಪಾಪ, ಎಂದುಕೊಂಡು ಬಾಗಿಲು ಹಾಕಿದಳು.

ಅವತ್ತು ಊಟಕ್ಕೆ ಕೂತಾಗ ಚಿಕ್ಕಮ್ಮ ಕೇಳಿದಳು, "ಏನಂತು ನಿಮ್ಮ ಯಂತ್ರ?"

"ಕಿವಿ ಚೆನ್ನಾಗೇ ಇದೆ ಚಿಕ್ಕಮ್ಮ" ಎಂದಳು ಇವಳು. "ನಿನ್ನ ಮಾತು ಮಾತ್ರ ಒಳಗೆ ಹೋಗಲ್ಲ."

ಚಿಕ್ಕಪ್ಪ ಕೆಮ್ಮು ಬರುವಷ್ಟು ನಕ್ಕ. ಚಿಕ್ಕಮ್ಮನೂ ನಕ್ಕಳು, ಆಮೇಲೆ ನಗು ನಿಲ್ಲಿಸಿ, "ಅಂದ್ರೆ ಇಷ್ಟು ದಿನ ಕೇಳಿಸಿಯೂ ಕೇಳಿಸದ ಹಾಗೆ ಇದ್ರಾ" ಎಂದು ಸಟ್ಟುಗವನ್ನು ಪಾತ್ರೆಗೆ ಕುಕ್ಕಿದಳು. ಡಾಕ್ಟರ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಚಳಿ ಕಳೆಯುವ ಹೊತ್ತಿಗೆ ಗೋದಾಮಿನವರು ಹೊಸ ಬ್ಯಾಟರಿ ಗಾಡಿಗಳನ್ನು ತರಿಸಿದರು. ಎಂಜಿನ್ ಇಲ್ಲ, ಗುಡುಗುಡು ಇಲ್ಲ, ನೆಲ ನಡುಗುವುದಿಲ್ಲ. ಹಿಂದಕ್ಕೆ ಬರುವಾಗ ಕುಂಯ್ ಕುಂಯ್ ಎನ್ನುತ್ತದೆ, ಅಷ್ಟೇ. ಚಿಕ್ಕಪ್ಪ ಒಂದು ಲಾರಿಗೆ ಕೈ ಬೀಸುತ್ತಿದ್ದ. ಬೆನ್ನ ಹಿಂದೆ ಅಂಥದೊಂದು ಗಾಡಿ ಸರಕು ಹೊತ್ತು ಹಿಮ್ಮುಖವಾಗಿ ಬಂತು. ನಡೆಸುತ್ತಿದ್ದವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ: "ಸದ್ದು ಆಗ್ತಾನೇ ಇತ್ತು. ಬರ್ಲಿಯಣ್ಣ ಸರೀತಾರೆ ಅಂತ ನಾನು ಬಂದೆ. ಅವರು ತಿರುಗೇ ನೋಡ್ಲಿಲ್ಲ."

ಎಡಗಾಲಿನ ಪಾದ ಚಕ್ರದಡಿ ಸಿಕ್ಕಿ ನುಜ್ಜಾಗಿತ್ತು. ಡಾಕ್ಟರುಗಳು ಸಲಾಕೆ ಹಾಕಿ ಜೋಡಿಸಿದರು. ಕೋಲೂರಿ ನಡೆದಾನು, ಅಂಗಳದಲ್ಲಿ ಇನ್ನು ನಿಲ್ಲಲಾರ ಎಂದರು.

ಅವಳು ಹಾಸಿಗೆಯ ಪಕ್ಕ ಕೂತು ಅಳುತ್ತಿದ್ದಾಗ ಚಿಕ್ಕಪ್ಪ ಅವಳನ್ನು ನಗಿಸಲು ನೋಡಿದ. ಚಿಕ್ಕಮ್ಮ ಔಷಧಿ ತರಲು ಕೆಳಗೆ ಹೋಗಿದ್ದಳು. "ಅಳ್ಬೇಡ ಮರಿ. ನಿನಗೊಂದು ತಮಾಷೆ ಹೇಳ್ಲಾ? ಅವತ್ತು ನಿನ್ನ ಕೋಣೇಲಿ ನನಗೆ ಏನೂ ಕೇಳಿಸಿರ್ಲಿಲ್ಲ. ಮೊದಲು ಒಂದೆರಡು ದಪ್ಪ ದಪ್ಪ ಕೇಳಿಸ್ತು. ಆಮೇಲೆ ಬರೀ ಸೊನ್ನೆ."

"ಮತ್ತೆ ಒತ್ತಿದ್ಯಲ್ಲ?"

"ನಿನ್ನ ಹುಬ್ಬು ಏಳುತ್ತಲ್ಲ" ಎಂದ ಚಿಕ್ಕಪ್ಪ, ದೊಡ್ಡ ಗುಟ್ಟು ಬಿಟ್ಟುಕೊಡುವವನಂತೆ. "ಸದ್ದು ಬಿಡೋ ಮುಂಚೆ ನಿನ್ನ ಹುಬ್ಬು ಇಷ್ಟೇ ಇಷ್ಟು ಮೇಲೆ ಹೋಗುತ್ತೆ. ಈಗ ಬರುತ್ತೆ, ಒತ್ತಪ್ಪಾ ಅನ್ನೋ ಥರ. ಕನ್ನಡೀಲಿ ಡ್ರೈವರ ಮುಖ ನೋಡಿ ನೋಡಿ ನನ್ನ ಕಣ್ಣು ಪಳಗಿದೆ. ಅವನು ಬ್ರೇಕ್ ತುಳಿಯೋ ಮುಂಚೇನೇ ನನಗೆ ಗೊತ್ತಾಗುತ್ತೆ. ನಿನ್ನದು ಗೊತ್ತಾಗಲ್ವಾ? ಏಳೋದು ನೋಡಿದೆ, ಒತ್ತಿದೆ. ಪಾಸಾದೆ."

ಅವಳಿಗೆ ನಗು ಬರಲಿಲ್ಲವೆಂದು ಕಂಡು ಚಿಕ್ಕಪ್ಪನ ಮುಖವೂ ಸಣ್ಣದಾಯಿತು. "ಯಾರಿಗೂ ಹೇಳ್ಬೇಡ" ಎಂದ. "ನಿನ್ನ ಕೆಲಸಕ್ಕೆ ಕುತ್ತು ಬಂದೀತು. ನನಗೂ ಅಂಗಳ ಬಿಡೋಕೆ ಇಷ್ಟ ಇರ್ಲಿಲ್ಲ. ಇಬ್ಬರೂ ಸೇರಿ ಮಾಡಿದ್ದು ಅಂತಿಟ್ಕೋ."

ಮನೆಗೆ ಬಂದ ಮೇಲೆ ಚಿಕ್ಕಮ್ಮ ಒಂದು ಸಂಜೆ ಕಾಲಿನ ಪಟ್ಟಿ ಬದಲಾಯಿಸುತ್ತಾ ಸಹಜವಾಗಿ ಕೇಳಿದಳು, "ಅಲ್ಲಾ ಮರಿ, ಕಿವಿ ಚೆನ್ನಾಗೇ ಇದೆ ಅಂದಿದ್ಯಲ್ಲ ನೀನು. ಮತ್ತೆ ಆ ಗಾಡಿ ಸದ್ದು ಇವರಿಗೆ ಯಾಕೆ ಕೇಳಿಸ್ಲಿಲ್ಲ?"

ಇವಳು ಬಾಯಿ ತೆರೆದಳು. ಅಷ್ಟರಲ್ಲಿ, ಪ್ರಶ್ನೆ ಅರ್ಧ ಕೇಳಿಸಿ ಉಳಿದರ್ಧವನ್ನು ಹೆಂಡತಿಯ ಮುಖದಲ್ಲಿ ಓದಿಕೊಂಡ ಚಿಕ್ಕಪ್ಪ ನಡುವೆ ಬಂದ. "ಅವಳೇನು ಮಾಡ್ತಾಳೆ? ನಾನು ಕಳ್ಳಾಟ ಆಡಿದೆ. ಕೇಳಿಸ್ದೇ ಇದ್ರೂ ಸುಮ್ಸುಮ್ನೆ ಗುಂಡಿ ಒತ್ತಿದೆ. ಯಂತ್ರ ಮೋಸ ಹೋಯ್ತು."

ಚಿಕ್ಕಮ್ಮ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗಂಡನನ್ನು ನೋಡಿದಳು. ಆಮೇಲೆ ಶುರುವಾಯಿತು. ಈ ವಯಸ್ಸಲ್ಲಿ ಕಳ್ಳಾಟ. ಸಾಕಿದ ಮಗಳ ಕಣ್ಣಿಗೆ ಮಣ್ಣು. ಅವಳ ಕೆಲಸದ ಜಾಗದಲ್ಲೇ. ಕಾಲು ಹೋಗೋದಲ್ಲ, ತಲೆ ಹೋಗಬೇಕಿತ್ತು. ಬೈಗುಳ ಬಾಗಿಲು ದಾಟಿ ಮೆಟ್ಟಿಲಿಳಿದು ಹೋಯಿತು. ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದ, ಒಮ್ಮೆ ಮಾತ್ರ ಇವಳ ಕಡೆ ನೋಡಿ ಸುಮ್ಮನಿರು ಎಂಬಂತೆ ಕಣ್ಣು ಹೊಡೆದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಎಮ್ಮೆಯೇ ಬೆನ್ನು ಕೊಟ್ಟು ನಿಂತಿತ್ತು, ಎತ್ತು ಪಕ್ಕದಲ್ಲೇ ಮೇವು ಮೆಲ್ಲುತ್ತಿತ್ತು. ಇವಳು ತುಟಿ ಪಿಟಕ್ಕೆನ್ನಲಿಲ್ಲ.

ಅದು ಒಂದು ದಿನಕ್ಕೆ ಮುಗಿಯಲಿಲ್ಲ. ಕಾಲು ನೋಯುತ್ತದೆ ಎಂದರೆ "ಆಡಿ ಕಳ್ಳಾಟ". ನೀರು ಕೊಡು ಎಂದರೆ "ಗುಂಡಿ ಒತ್ತಿ, ಬರುತ್ತೆ". ಕೋಲು ಜಾರಿ ಬಿದ್ದರೂ ಅದೇ ಮಾತು. ಇವಳು ಕೆಲಸ ಮುಗಿಸಿ ಬಂದು ಚಹಾ ಲೋಟ ಹಿಡಿದು ಅದನ್ನೆಲ್ಲ ಕೇಳುತ್ತಿದ್ದಳು. ಇವಳ ಕಿವಿ ನಿಜಕ್ಕೂ ಚೆನ್ನಾಗಿತ್ತು.

ಪ್ರಯೋಗಶಾಲೆಯಲ್ಲಿ ಒಂದು ಮಧ್ಯಾಹ್ನ ಗಡ್ಡದವನನ್ನು ಕರೆದು, "ಒಂದ್ನಿಮಿಷ ಒಳಗೆ ಕೂರು" ಎಂದಳು. ಹೆಡ್‌ಫೋನ್ ಹಾಕಿದಳು, ಅದರ ತಂತಿಯನ್ನು ಗೋಡೆಯಿಂದ ಕಿತ್ತಳು. ಅವನ ಕಿವಿಗೆ ಏನೂ ಹೋಗುವಂತಿರಲಿಲ್ಲ. "ನನ್ನ ಮುಖ ನೋಡು. ಯಾವಾಗ ಸದ್ದು ಬಿಟ್ಟೆ ಅನ್ಸುತ್ತೋ ಒತ್ತು."

ಹಣೆಯನ್ನು ಕಲ್ಲು ಮಾಡಿಕೊಂಡು ಕೂತಳು. ಹುಬ್ಬು ಏಳದ ಹಾಗೆ ಹಲ್ಲು ಕಚ್ಚಿದಳು. ಹಸಿರು ದೀಪ ಹತ್ತಿತು. ಸದ್ದು ಸಣ್ಣ ಮಾಡಿದಳು; ಹತ್ತಿತು. ಇನ್ನೂ ಸಣ್ಣ ಮಾಡಿದಳು; ಹತ್ತಿತು. ಗಡ್ಡದವನು ಹೊರಗೆ ಬಂದು, "ಅಕ್ಕ, ನಿಮ್ಮದು ಮುಖವಲ್ಲ, ರೇಡಿಯೋ" ಎಂದ. "ಹುಬ್ಬು ಬಿಗಿ ಹಿಡಿದಿದ್ರಿ, ಸರಿ. ಆದ್ರೆ ಪ್ರತಿ ಸಲ ಸದ್ದು ಬಿಡೋ ಮುಂಚೆ ಉಗುಳು ನುಂಗ್ತೀರಿ."

ಮುಖ ಎತ್ತದವನ ಕೆಲಸ ನೇರವಾಗಿತ್ತು. ಮುಖ ಕೊಟ್ಟು ಕೂತವಳದು ಬುಡದಿಂದ ಸೊಟ್ಟ.

ದೊಡ್ಡ ಮೇಡಂ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ಹಣೆಗೇರಿಸಿ ಕೇಳಿದರು. ಪ್ರಯೋಗದ ಪ್ರಬಂಧ ಅಚ್ಚಿಗೆ ಕಳಿಸುವ ಹೊತ್ತು. ಅವರ ಕಷ್ಟ ಅವರಿಗೆ. "ಕಿಟಕಿಗೆ ಪರದೆ ಹಾಕ್ಸಿ. ಮೇಜು ಮೊದಲಿನ ಹಾಗೆ ಮಾಡಿ. ನಿಮ್ಮ ಪಾಳಿಯವರನ್ನ ಬಿಟ್ಟು ಲೆಕ್ಕ ಹಾಕೋಣ. ಬಂದು ಹೇಳಿದ್ರಲ್ಲ, ಅದು ದೊಡ್ಡದು. ಎಷ್ಟು ಜನಕ್ಕೆ ಇಷ್ಟು ಪ್ರಾಮಾಣಿಕತೆ ಇರುತ್ತೆ?"

"ಅವರಿಗೆ ಏನು ಹೇಳೋದು ಮೇಡಂ?"

"ಯಾರಿಗೆ?"

"ಬಂದು ಹೋದವರಿಗೆ."

"ನಾವು ಯಾರಿಗೂ ಫಲಿತಾಂಶ ಹೇಳೋದೇ ಇಲ್ವಲ್ಲ. ಇದು ಆಸ್ಪತ್ರೆ ಅಲ್ಲ ಅಂತ ಓದಿ, ಸಹಿ ಹಾಕಿಯೇ ಒಳಗೆ ಬಂದಿದ್ದಾರೆ."

"ನಾನು ಹೇಳ್ತಿದ್ದೆ" ಎಂದಳು. "ಕಿವಿ ಚೆನ್ನಾಗೇ ಇದೆ ಅಂತ."

"ಯಾರಿಗೆ?"

"ಕೇಳಿದವರಿಗೆಲ್ಲ."

ದೊಡ್ಡ ಮೇಡಂ ಕನ್ನಡಕ ಇಳಿಸಿ ಕಣ್ಣಿಗೆ ಹಾಕಿಕೊಂಡರು. "ಎಲ್ಲರಿಗೂ ಫೋನ್ ಮಾಡ್ಬೇಕು" ಎಂದರು. "ನೀವೇ ಮಾಡ್ಬೇಕು."

ಮಾಡಿದಳು. ಕಿವಿ ಮಂದವಾದವರಿಗೆ ಫೋನಿನಲ್ಲಿ, ನಿಮ್ಮ ಕಿವಿ ಮಂದವಾಗಿರಬಹುದು ಎಂದು ತಿಳಿಸುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. "ಯಾರು?" "ಏನು ಮಾರ್ತೀರಿ?" "ಜೋರಾಗಿ ಹೇಳಮ್ಮ." ಕೆಲವರು ಏನೂ ತಿಳಿಯದೆ ಅವಳ ಕ್ಷೇಮ ವಿಚಾರಿಸಿದರು. ದರ್ಜಿ ಮುದುಕಿಯ ಫೋನನ್ನು ಸೊಸೆ ಎತ್ತಿಕೊಂಡಳು. ಎಲ್ಲ ಕೇಳಿ, "ಅವರಿಗೆ ಕೇಳಿಸುತ್ತೆ, ಬೇಕಂತ ಹಟ ಮಾಡ್ತಾರೆ ಅಂದ್ಕೊಂಡಿದ್ವಿ" ಎಂದಳು. "ಅವರೇ ಹೇಳ್ತಿದ್ರು, ಯೂನಿವರ್ಸಿಟಿಯವರು ನನ್ನ ಕಿವಿ ಚೆನ್ನಾಗಿದೆ ಅಂದ್ರು ಅಂತ. ಅದಕ್ಕೇ ಮಾತಾಡೋದೇ ಬಿಟ್ಟಿದ್ವಿ ಅವರ ಜೊತೆ." ಆ ಮನೆಯ ಮುದುಕಿ ಎಷ್ಟು ದಿನದಿಂದ ಹಟಮಾರಿ ಅನ್ನಿಸಿಕೊಂಡು ಮೂಲೆಯಲ್ಲಿ ಕೂತಿದ್ದಳೋ. ಫೋನ್ ಇಟ್ಟವಳಿಗೆ ತನ್ನ ಮನೆಯ ಮೂಲೆ ಕಂಡಿತು.

ಕಚೇರಿಯಲ್ಲಿ ತಪ್ಪೊಪ್ಪಿಕೊಳ್ಳುವುದು ಅಗ್ಗ. ಮೇಜಿನಾಚೆಯವರು ಪ್ರಾಮಾಣಿಕತೆ ಎಂದು ಬೆನ್ನು ತಟ್ಟುತ್ತಾರೆ. ಮಾಡಿದ ತಪ್ಪೂ ಒಂದು ಗುಣವಾಗಿ ಮನೆಗೆ ಬರುತ್ತದೆ. ಕಷ್ಟವಿರುವುದು ಅಡುಗೆಮನೆಯಲ್ಲಿ.

ರಜೆಯ ದಿನ ಬೆಳ್ಳಂಬೆಳಿಗ್ಗೆ ಚಿಕ್ಕಮ್ಮ ತರಕಾರಿ ಹೆಚ್ಚುತ್ತಾ, ಒಳಕೋಣೆಯ ಕಿಟಕಿಯತ್ತ ಮುಖ ಮಾಡಿ ಕೂತಿದ್ದ ಗಂಡನಿಗೆ ಕೇಳಿಸಲಿ ಎಂದು ಗಂಟಲೆತ್ತಿ ಬೈಯುತ್ತಿದ್ದಳು. ಇವಳು ಅವಳ ಕೈಯಿಂದ ಚಾಕು ತೆಗೆದಿಟ್ಟಳು.

"ಅವನು ಕಳ್ಳಾಟ ಆಡ್ಲಿಲ್ಲ ಚಿಕ್ಕಮ್ಮ." ದನಿ ತಗ್ಗಿಸಿಯೇ ಹೇಳಿದಳು. ಮೇಜು ತಿರುಗಿಸಿದ್ದು, ಗೋಡೆಯ ಮೇಲಿನ ನಿಯಮ, ಹುಬ್ಬು, ಕತೆಗಳಲ್ಲಿ ಅವನು ಮುಗ್ಗರಿಸಿದ್ದು, ಅನುಮಾನ ಬಂದೂ ದಣಿದಿದ್ದಾನೆ ಎಂದುಕೊಂಡದ್ದು, ಊಟದ ಹೊತ್ತಿನ ಆ ಮಾತು. "ನೀನು ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ. ನಾನು ನಗಿಸಿ ನಿಲ್ಲಿಸ್ದೆ."

ಚಿಕ್ಕಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಅಳಲಿಲ್ಲ. "ಯಾವಾಗ ಗೊತ್ತಾಯ್ತು ನಿನಗೆ?"

"ಆಸ್ಪತ್ರೇಲಿ."

"ಅವತ್ತಿಂದ ಇವತ್ತಿನವರೆಗೂ" ಎಂದಳು ಚಿಕ್ಕಮ್ಮ ನಿಧಾನವಾಗಿ, "ನಾನು ಅವರನ್ನ ಬೈತಿದ್ದೆ. ನೀನು ಪಕ್ಕದಲ್ಲಿ ಕೂತು ಚಹಾ ಕುಡೀತಿದ್ದೆ."

"ಹೂಂ."

"ಕಾಲಿನ ವಿಷ್ಯ ಬಿಡು. ಅದು ಗಾಡಿ ಮಾಡಿದ್ದು. ಈ ಬಾಯಲ್ಲಿ ನಾನು ಏನೇನು ಅಂದೆ ಗೊತ್ತಾ ಅವರಿಗೆ? ಕೇಳಿಸಲ್ಲ ಅಂತ ಜೋರಾಗಿ ಬೇರೆ ಅಂದೆ. ಬೀದಿಗೆಲ್ಲ ಕೇಳೋ ಹಾಗೆ ಅಂದೆ. ಅದನ್ನ ನನ್ನ ಕೈಲಿ ಆಡಿಸ್ದೆಯಲ್ಲ ನೀನು."

ಒಳಕೋಣೆಯಿಂದ ಚಿಕ್ಕಪ್ಪ, "ಏನಿದು? ಬೈಯೋದು ನಿಂತೇ ಹೋಯ್ತು, ಮೈಗೆ ಹುಷಾರಿಲ್ವಾ?" ಎಂದ.

ಚಿಕ್ಕಮ್ಮ ಎದ್ದಳು. ಇವಳ ರಟ್ಟೆ ಹಿಡಿದು ಒಳಕೋಣೆಯ ಬಾಗಿಲಿಗೆ ತಂದು, ಗಂಡನ ಕುರ್ಚಿಯ ಹಿಂದೆ ನಿಲ್ಲಿಸಿದಳು. ಇವಳು ಎದುರಿಗೆ ಹೋಗಲು ನೋಡಿದಳು, ಚಿಕ್ಕಮ್ಮ ಬಿಡಲಿಲ್ಲ. "ಮುಖ ತೋರಿಸ್ಬೇಡ. ಮುಖ ನೋಡಿದ್ರೆ ಮತ್ತೆ ನಿನ್ನ ಕಾಪಾಡೋಕೆ ಬರ್ತಾರೆ. ಇಲ್ಲೇ ನಿಂತು ಹೇಳು. ಕಿವಿಗೆ ಹೇಳು."

"ಚಿಕ್ಕಪ್ಪಾ, ತಪ್ಪು ನಂದು" ಎಂದಳು.

ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ.

"ಚಿಕ್ಕಪ್ಪಾ, ತಪ್ಪು ನಂದು. ನೀನು ಹೊತ್ಕೊಂಡೆ, ನಾನು ಸುಮ್ನಿದ್ದೆ."

ಅವನ ತಲೆ ಅಲುಗಲಿಲ್ಲ. ಇಷ್ಟು ಹತ್ತಿರ ನಿಂತು ಆಡಿದ ಮಾತೂ ಅವನಿಗೆ ತಲುಪುವುದಿಲ್ಲ ಎಂದು ಆಗ ಅವಳಿಗೆ ತಿಳಿಯಿತು. ಕಿವಿ ಎಷ್ಟು ಹೋಗಿದೆ ಎಂದು ಅವಳು ನಿಜವಾಗಿ ಅಳೆದದ್ದು ಆ ಕ್ಷಣದಲ್ಲಿ. ತಪ್ಪನ್ನು ಪಿಸುಮಾತಿನಲ್ಲಿ ಹೇಳಿ ಹಗುರಾಗುವ ದಾರಿ ಇರಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು, ಅದೇ ಮಾತನ್ನು, ಪೂರ್ತಿ. ಎದುರು ಮನೆಯ ಬಾಗಿಲು ತೆರೆದುಕೊಂಡ ಸದ್ದು ಕೇಳಿಸಿತು. ಕೆಳಗೆ ಯಾರೋ ಮಾತು ನಿಲ್ಲಿಸಿದರು.

ಚಿಕ್ಕಪ್ಪ ತಿರುಗಲಿಲ್ಲ. ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಚಿಕ್ಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಕೇಳಿಸ್ತು" ಎಂದ. "ನಾಳೆ ನಿಮ್ಮ ಆ ಕೋಣೆಗೆ ಕರ್ಕೊಂಡು ಹೋಗು. ಎಷ್ಟು ಉಳಿದಿದೆ ನೋಡ್ಬೇಕು." ಮೆತ್ತಗೆ ಸೇರಿಸಿದ, "ಆದ್ರೆ ಹೆಡ್‌ಫೋನು ಬೇರೆಯವರು ಹಾಕ್ಲಿ. ನೀನು ಬೇಡ."

ಹುಟ್ಟಿದಾರಭ್ಯ ಅವನ ಬಾಯಿಂದ ಅವಳು ನೀನು ಬೇಡ ಎಂಬ ಆ ಎರಡು ಮಾತು ಕೇಳಿರಲಿಲ್ಲ. ಆಯ್ತು ಎಂದಳು. ಅವನಿಗೆ ಕೇಳಿಸಲಿಲ್ಲ. ಮತ್ತೆ ಗಂಟಲೆತ್ತಿ ಹೇಳಬೇಕಾಯಿತು.